ಐದು ಗಂಟೆಗೆ ಬಂದವನು

ಇಲ್ಲಿ ನಮ್ಮ ಭಾನುವಾರ ಶುಕ್ರವಾರವೇ ಬಂದುಬಿಡುತ್ತದೆ.
ಮನಾಮದ ಚರ್ಚಿನಲ್ಲಿ ಮಧ್ಯಾಹ್ನ ಎರಡೂವರೆಗೆ,
ಮಲಯಾಳದವರು ಹೊರಟು ಫಿಲಿಪೀನಿನವರು ಬರುವ ನಡುವೆ,
ತಿಂಗಳಿಗೊಮ್ಮೆ, ಕನ್ನಡ ಬಲಿಪೂಜೆ.
ಬೆಂಚುಗಳಲ್ಲಿ ಹಿಂದಿನವರ ಬಿಸಿ ಇನ್ನೂ ಇರುತ್ತದೆ.

ಮೊದಲನೆಯ ವಾಚನ ನನ್ನದು.
ಒಂಬತ್ತು ವರ್ಷದಿಂದ ನನ್ನದೇ.
ಗಂಟಲು ಚೆನ್ನಾಗಿದೆ ಎಂದಲ್ಲ,
ಒಂದು ನಿಮಿಷವೂ ತಡಮಾಡದವನು ಎಂದು.
ಅದು ನನ್ನ ಕಸುಬು.
ಸಿತ್ರಾದ ಸೈಟಿನಲ್ಲಿ ಟೈಂಕೀಪರ್ ನಾನು,
ಕಂಕುಳಲ್ಲಿ ಹಾಜರಿ ಪುಸ್ತಕ, ಇನ್ನೂರ ಹದಿನಾಲ್ಕು ಹೆಸರು.
ಕ್ಯಾಂಪಿಗೆ ಐದೂವರೆಗೆ ಬಸ್ಸು;
ಐದು ನಲವತ್ತಕ್ಕೆ ಕೆಂಪು ಗೀಟು.

ಸೆಪ್ಟೆಂಬರ್. ಸಾಧಾರಣ ಕಾಲದ ಇಪ್ಪತ್ತೈದನೆಯ ಭಾನುವಾರ.
ಯೆಶಾಯನ ಹಾಳೆ ತೆರೆದು ಓದಿದೆ:
ನೆಲಕ್ಕೂ ಮುಗಿಲಿಗೂ ಎಷ್ಟು ದೂರವೋ
ಅವನ ಎಣಿಕೆಗೂ ನಮ್ಮ ಎಣಿಕೆಗೂ ಅಷ್ಟು, ಎಂಬರ್ಥದ ಮಾತು.
ಅಲ್ಪವಿರಾಮಗಳಲ್ಲಿ ನಿಂತು ನಿಂತು ಓದಿದೆ.
ನನಗೆ ಕೇಳಿಸಲಿಲ್ಲ;
ಓದುವವನ ಕಿವಿಗೆ ಹೋಗುವುದು ಕಡಿಮೆ.

ಆಮೇಲೆ ಶುಭಸಂದೇಶ. ದ್ರಾಕ್ಷಿತೋಟ.
ಬೆಳಗಿನ ಜಾವ ಬಂದವರು,
ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಬಂದವರು,
ಸಂಜೆ ಐದಕ್ಕೆ ಬಂದು ಒಂದೇ ಗಂಟೆ ದುಡಿದವರು,
ಎಲ್ಲರ ಕೈಗೂ ಒಂದೊಂದೇ ದಿನಾರಿ.

ದಿನಾರಿ!
ಊರಲ್ಲಿ ಕೇಳುವಾಗ ಅದು ಬೈಬಲಿನೊಳಗಿನ ನಾಣ್ಯ,
ಯಾರ ಕಿಸೆಯಲ್ಲೂ ಇಲ್ಲದ್ದು.
ಇಲ್ಲಿ ಕೊನೆಯ ಇಕಾರ ಉದುರಿ
ನನ್ನ ಜೇಬಿನಲ್ಲೇ ಮೂರಿವೆ:
ಒಂದು ಕಾಣಿಕೆಗೆ, ಎರಡು ಟ್ಯಾಕ್ಸಿಗೆ.
ಸಿಟ್ಟು ಬಂತು.
ದೇವರ ಮೇಲೆ ಎನ್ನಲು ಹೆದರಿಕೆ,
ಆ ತೋಟದ ಮೇಸ್ತ್ರಿಯ ಮೇಲೆ ಅನ್ನೋಣ.
ಹೀಗೆ ಕೂಲಿ ಹಂಚಿದರೆ ನಾಳೆ ಬೆಳಗ್ಗೆ
ಬಸ್ಸು ಹತ್ತುವವರು ಯಾರು ಸ್ವಾಮಿ?

ಗುರುಗಳಿಗೆ ಅಂದು ಜ್ವರ. ಪ್ರಬೋಧನೆ ಒಂದೇ ಸಾಲು:
'ಐದು ಗಂಟೆಯವರೆಗೆ ಅವರೆಲ್ಲ ಎಲ್ಲಿದ್ದರು,
ಯಾರಾದರೂ ಕೇಳಿದಿರಾ?'
ಕೆಮ್ಮುತ್ತ ಕುಳಿತುಬಿಟ್ಟರು.

ನನಗೆ ಗೊತ್ತಿತ್ತು ಎಲ್ಲಿದ್ದರೆಂದು.
ಗುದೈಬಿಯಾದ ಮೂಲೆಯಲ್ಲಿ,
ಮುಚ್ಚಿದ ಅಂಗಡಿಯ ಷಟರಿಗೆ ಬೆನ್ನು ಕೊಟ್ಟು,
ಮಡಿಸಿದ ರಟ್ಟಿನ ಮೇಲೆ ಒಂದು ಕರಣೆ, ಒಂದು ಬ್ರಷ್ಷು.
ಪಿಕಪ್ಪು ನಿಧಾನವಾದರೆ ಸಾಕು, ಎದ್ದು ಓಡುವವರು.
ಗಟ್ಟಿಮುಟ್ಟಾದವರು ಆರಕ್ಕೇ ಖಾಲಿ.
ಉಳಿಯುವುದು ನಮ್ಮ ಇನ್ನಾಸಪ್ಪನಂಥವರು:
ಐವತ್ತೆಂಟು, ಎಡಗಣ್ಣಿಗೆ ಪೊರೆ,
ವೀಸಾ ಮುಗಿದು ಏಳು ತಿಂಗಳು.
ದಿನವಿಡೀ ನಿಲ್ಲುವುದಕ್ಕೆ
ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.

ಮತ್ತೆ ರಫೀಕುಲ್.
ಮಂಗಳವಾರ ಬಸ್ಸು ತಪ್ಪಿ
ಸಲ್ಮಾಬಾದಿನಿಂದ ಸಿತ್ರಾಕ್ಕೆ ನಡೆದೇ ಬಂದ, ಎಂಟೂ ಹತ್ತಕ್ಕೆ,
ಷರಟಿನ ಬೆನ್ನ ಮೇಲೆ ಉಪ್ಪಿನ ನಕಾಶೆ ಹೊತ್ತು.
ಅರ್ಧ ದಿನ ಕತ್ತರಿಸಿದೆ. ನಿಯಮ.
ಅವನು ಜಗಳವಾಡಲಿಲ್ಲ;
ನೀರು ಕುಡಿದು ಏಣಿ ಹತ್ತಿದ.
ಜಗಳವಾಡಿದ್ದರೆ ಮರೆತಿರುತ್ತಿದ್ದೆ.

ಪರಮಪ್ರಸಾದ ಮುಗಿದು ಪಾತ್ರೆ ಮುಚ್ಚಿದ್ದರು.
ಹಿಂಬಾಗಿಲು ಕಿರುಗುಟ್ಟಿತು: ಇನ್ನಾಸಪ್ಪ,
ಮೊಣಕೈವರೆಗೆ ಸುಣ್ಣದ ಚುಕ್ಕೆ.
ಯಾರೋ ಕರೆದೊಯ್ದಿದ್ದಾರೆ ಇವತ್ತು, ಯಾವುದೋ ಗೋಡೆಗೆ.
ನನ್ನ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು: ಮೂರು ಇಪ್ಪತ್ತೊಂದು.
ಗುರುಗಳು ಮುಚ್ಚಳ ತೆಗೆದರು.
ನನಗೆ ಸಿಕ್ಕಷ್ಟೇ ಅಗಲದ ಬಿಲ್ಲೆ.
ನೋಡಿದೆ. ಅಳೆದೆ. ಅಭ್ಯಾಸ.

ಅಂದು ಟ್ಯಾಕ್ಸಿ ಬಿಟ್ಟು ನಡೆದೆ.
ಕಾಲುಭಾಗ ದಾರಿಯಷ್ಟೇ;
ಆಮೇಲೆ ಬಿಸಿಲು ತಾಳದೆ ಟ್ಯಾಕ್ಸಿ ಹಿಡಿದೆ.
ದೊಡ್ಡ ಮನುಷ್ಯನಲ್ಲ ನಾನು.
ಮಂಗಳವಾರದ ಲೆಕ್ಕ ಆಫೀಸಿಗೆ ಹೋಗಿಯಾಗಿತ್ತು,
ಕೆಂಪು ಶಾಯಿ ರಬ್ಬರಿಗೆ ಬಗ್ಗುವುದಿಲ್ಲ.

ಶನಿವಾರ. ಐದು ನಲವತ್ತು.
ಬೀದಿಯ ತುದಿಯಲ್ಲಿ ಯಾರೋ
ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದ,
ಕತ್ತಲಲ್ಲಿ ಮುಖ ತಿಳಿಯಲಿಲ್ಲ.
ಬಾಗಿಲಿಗೆ ಕಾಲು ಅಡ್ಡ ಇಟ್ಟು ನಿಂತೆ.
ಐದು ನಲವತ್ತೊಂದು. ನಲವತ್ತೆರಡು.
ಡ್ರೈವರ್ ಲಿಗೋರಿ ಕನ್ನಡಿಯಲ್ಲಿ ನನ್ನನ್ನೇ ನೋಡಿ
'ಏನ್ರೀ, ಗಡಿಯಾರ ನಿಂತಿದೆಯಾ?' ಎಂದ.