ಮೂವತ್ತೈದು ದಿನ

ಮೊದಲು ಮೂಸುತ್ತೇನೆ.
ಹೋತದ ನಾತ ಬೇರೆ,
ಕಜ್ಜಿಯದು ನೆನೆದ ಗೋಣಿಚೀಲದ್ದು.
ಸೊರಬದ ಪಶುಸಖಿ ತರಬೇತಿಯಲ್ಲಿ
ಪರದೆ ಮೇಲೆ ಬಣ್ಣದ ಚಿತ್ರ ಬಂತು, ಚಹಾ ಬಂತು,
ವಾಸನೆ ಬರಲಿಲ್ಲ.

ಆಮೇಲೆ ಬೆರಳು. ಕೂದಲಿಗೆ ಎದುರಾಗಿ,
ಕಿವಿಯ ಒಳಮಡಿಕೆ, ಬಾಲದಡಿ, ತೊಡೆಯ ಸಂದು.
ಉಣುಗಾದರೆ ಸುಲಭ,
ಹರಳುಬೀಜದ ಹಾಗೆ ಹೊಟ್ಟೆ ಉಬ್ಬಿಸಿ ಕೂತಿರುತ್ತದೆ,
ಸಿಕ್ಕಿಬಿದ್ದ ಕಳ್ಳನ ನಾಚಿಕೆಯೂ ಇಲ್ಲ.
ಬರಿಗೈಲಿ ಹಿಸುಕಬೇಡಿ ಎನ್ನುತ್ತೇನೆ;
ಮಂಗನಕಾಯಿಲೆ ಕಂಡ ಸೀಮೆಗೆ ಎರಡು ಸಲ ಹೇಳಬೇಕಿಲ್ಲ.
ಹೇನಾದರೆ ಕೂದಲ ಬುಡದಲ್ಲಿ ಸೀರು,
ಮಕ್ಕಳ ತಲೆ ಬಾಚಿದ ಯಾರಿಗೂ ಗೊತ್ತು.

ಮಿಠಾಯಿಯ ಮೈಯಲ್ಲಿ ಎರಡೂ ಇರಲಿಲ್ಲ.
ಮಾಬುನ್ನಿಯ ಹೋತ. ಬೆಲ್ಲದ ಬಣ್ಣ, ಒಂದು ಕಿವಿ ಬಿಳಿ.
ಬಕ್ರೀದಿಗೆ ಇಪ್ಪತ್ತೆರಡು ದಿನ.
ಶಿರಾಳಕೊಪ್ಪದ ಟೈಲರ್ ಗಫೂರ್ ಸಾಬರು ಕೊಟ್ಟ ಮುಂಗಡ
ಆಗಲೇ ಹಿತ್ತಲಿನ ತಗಡಾಗಿದೆ.
ಮೂಗಿನ ಸುತ್ತ ಹೊಟ್ಟು,
ಮೊಣಕಾಲಿಗೆ ಬೂದಿ ಮೆತ್ತಿದಂಥ ಹಕ್ಕಳೆ,
ಚರ್ಮ ಹಳೇ ಚಪ್ಪಲಿಯ ಹಾಗೆ ನೆರಿಗೆ ನೆರಿಗೆ.
ಉಜ್ಜಿ ಉಜ್ಜಿ ಕಂಬವೇ ನುಣುಪಾಗಿತ್ತು.
ಬೆನ್ನು ಕೆರೆದೆ.
ಕಣ್ಣು ಅರೆಮುಚ್ಚಿ, ತುಟಿ ಅಲುಗಿಸಿ,
ಹಿಂಗಾಲನ್ನು ಗಾಳಿಯಲ್ಲಿ ಆಡಿಸಿತು.
ಸುಖವೂ ಒಂದು ಲಕ್ಷಣ.

"ಬೇವಿನೆಣ್ಣೆ ಹಚ್ಚಿದೀನಿ, ಗಂಧಕ ಹಚ್ಚಿದೀನಿ,
ಯಾರೋ ಅಂದ್ರು ಅಂತ ಗಾಡಿ ಆಯಿಲ್ಲೂ ಹಚ್ಚಿದೀನಿ,
ಬೈಬೇಡ ಗುತ್ಯಮ್ಮಾ."
ಬೈದೆ.

ಬ್ಲೇಡಿಗೆ ಎಣ್ಣೆ ಸವರಿ, ಹಕ್ಕಳೆಯ ಅಂಚಿನಲ್ಲಿ
ರಕ್ತ ಸಾಸಿವೆಯಷ್ಟು ಇಣುಕುವ ತನಕ ಕೆರೆದು,
ಗಾಜಿಗೆ ಮೆತ್ತಿ, ಆನವಟ್ಟಿಯ ಬಸ್ಸು ಹತ್ತಿದೆ.
ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ಸರಿದು, "ನೀನೂ ನೋಡು."
ಇಷ್ಟು ವರ್ಷ ಬೆರಳಿಗೆ ತಿಳಿದದ್ದು ಕಣ್ಣಿಗೆ ಬಿತ್ತು:
ಗುಂಡಗೆ, ನೀರಿನ ಬಣ್ಣ, ಎಂಟು ಮೋಟುಕಾಲು,
ಬೆಳಕಿಗೆ ಗಾಬರಿಬಿದ್ದು ತೆವಳುತ್ತಿತ್ತು.
ಚರ್ಮದಲ್ಲಿ ಸುರಂಗ ತೋಡಿ, ಮೊಟ್ಟೆ ಇಟ್ಟು,
ಅದೂ ಸಂಸಾರ ಹೂಡಿತ್ತು.
ಕರುಣೆ ಬಂತೆಂದರೆ ಸುಳ್ಳು. ಮಣಿಕಟ್ಟು ತುರಿಸಿತು.

"ಸೂಜಿ ಚರ್ಮದಡಿಗೆ, ಮಾಂಸಕ್ಕಲ್ಲ. ತೂಕ ಹಾಕಿ ಅಳತೆ.
ಮೊಟ್ಟೆ ಸಾಯೋದಿಲ್ಲ, ಅದಕ್ಕೇ ಹದಿನಾಲ್ಕನೇ ದಿನ ಇನ್ನೊಂದು.
ಕೊಟ್ಟಿಗೆಯ ಉಳಿದ ನಾಲ್ಕಕ್ಕೂ. ಕಂಬಕ್ಕೆ ಸುಣ್ಣ.
ಕಡೇ ಸೂಜಿಯಿಂದ ಮೂವತ್ತೈದು ದಿನ
ಮಾಂಸ ಯಾರೂ ಮುಟ್ಟಬಾರದು."

ಮಾಬುನ್ನಿ ಬೆರಳಗಣ್ಣುಗಳಲ್ಲಿ ಎಣಿಸಿದಳು.
ಎರಡೂ ಕೈ ಮುಗಿದವು, ದಿನ ಮುಗಿಯಲಿಲ್ಲ.
"ಸೂಜಿ ಹಾಕದೆ ಕೊಟ್ರೆ?"
ನಾನು ಸಿರಿಂಜಿನ ಗಾಳಿ ತೆಗೆಯುತ್ತಿದ್ದೆ, ತೆಗೆಯುತ್ತಲೇ ಇದ್ದೆ.
"ರೋಗದ ಮೈನ ದೇವರಿಗೆ ಕೊಡೋಕಾಗ್ತದಾ" ಎಂದು
ತನಗೇ ಹೇಳಿಕೊಂಡು ಫೋನು ಹುಡುಕಿದಳು.
ಸಾಬರು ಮೊದಲು ರೇಗಿದರು,
ಆಮೇಲೆ, ದುಡ್ಡು ನಿಧಾನಕ್ಕೆ ಕೊಡು ಎಂದರು,
ಅಥವಾ ಹಾಗಂದರೆಂದು ಅವಳು ನನಗೆ ಹೇಳಿದಳು.

ಮೊಣಕೈ ಹಿಂದೆ ಚರ್ಮವನ್ನು ಡೇರೆಯ ಹಾಗೆ ಎತ್ತಿ ಹಿಡಿದೆ.
ಅದು ಒಮ್ಮೆ ಒದರಿ,
ಒದರಿದ್ದನ್ನು ಮರೆತು ಹಲಸಿನೆಲೆಗೆ ಬಾಯಿ ಹಾಕಿತು.

ಹಬ್ಬದ ದಿನ ಹೋದೆ. ಪಕ್ಕದ ಮನೆಯ ಪಾಲು ಬಂದಿತ್ತು,
ನನಗೂ ಒಂದು ತಟ್ಟೆ.
ಮೊಣಕಾಲ ಮೇಲೆ ಹೊಸ ಕೂದಲು,
ಸಸಿಮಡಿಯಲ್ಲಿ ಮೊದಲ ದಿನದ ಭತ್ತದಂತೆ
ಓರೆಯಿಂದ ನೋಡಿದರೆ ಉಂಟು, ನೇರ ನೋಡಿದರೆ ಇಲ್ಲ.
"ಕಜ್ಜಿ ಇವನ ಜೀವ ಉಳಿಸ್ತು ನೋಡು" ಎಂದು ನಕ್ಕು,
ಸೆರಗಿನಡಿಯಿಂದ ಕೈ ಚಾಚಿದಳು.
ಬೆರಳ ಸಂದಿಗಳಲ್ಲಿ ಕೆಂಪು ಗುಳ್ಳೆ, ಇಪ್ಪತ್ತು ದಿನ ಬಚ್ಚಿಟ್ಟದ್ದು.
"ಆಡಿನ ಔಷಧ ನಿನಗಲ್ಲ, ನಾಳೆ ಆಸ್ಪತ್ರೆಗೆ ನಡಿ."
"ನನ್ನನ್ನೂ ಕಂಬಕ್ಕೆ ಕಟ್ತೀಯಾ?"

ಮಿಠಾಯಿ ರೂಢಿಗೆಂದು ಕಂಬಕ್ಕೆ ಮೈ ತಿಕ್ಕಿತು,
ಅರ್ಧಕ್ಕೇ ನಿಲ್ಲಿಸಿತು, ಯಾಕೆ ತಿಕ್ಕಿದೆನೆಂದು ಹೊಳೆಯದೆ.
ಪಕ್ಕೆಯ ತುಂಬ ಸುಣ್ಣ.
ಇನ್ನು ಇಪ್ಪತ್ತೇಳು ದಿನ.
ಆಮೇಲಿನದನ್ನು ನಾವಿಬ್ಬರೂ ಎಣಿಸಲಿಲ್ಲ.