ಕೂದಲೆಳೆಯಷ್ಟು ತಡ

ಸ್ತಾರಾ ಝಗೋರಾದ ಅಂಗಡಿಯಲ್ಲಿ
ಎರಡು ಕೀಬೋರ್ಡು, ಅಕ್ಕಪಕ್ಕ.
ಬೆಲೆ ಹೆಚ್ಚುಕಡಿಮೆ ಒಂದೇ.
ನನ್ನ ಚೀಲದಲ್ಲಿದ್ದುದೂ ಒಂದರದೇ ದುಡ್ಡು.

ಮೊದಲನೆಯದು ಅರೇಂಜರ್.
ಎಡಗೈಯ ಮೂರು ಬೆರಳೂರಿದರೆ ಸಾಕು,
ಡ್ರಮ್ಮು, ಬೇಸು, ಗಿಟಾರು, ಹಿಂದೆ ನಾಲ್ಕು ಪಿಟೀಲು
ಕರೆದ ಕೂಡಲೇ ಬಂದು ಸಾಲಾಗಿ ನಿಲ್ಲುತ್ತವೆ.
ಊಟ ಕೇಳುವುದಿಲ್ಲ, ಕುಡಿದು ಬೀಳುವುದಿಲ್ಲ.
ಆರಂಭಕ್ಕೊಂದು ಗುಂಡಿ, ಮುಕ್ತಾಯಕ್ಕೆ ಮೂರು.

ಇನ್ನೊಂದು ವರ್ಕ್‌ಸ್ಟೇಷನ್.
ಒತ್ತಿದರೆ ಒತ್ತಿದ್ದಷ್ಟೇ.
ಉಳಿದದ್ದನ್ನು ನಾನೇ ಕಟ್ಟಿಕೊಳ್ಳಬೇಕು,
ಒಂದೊಂದೇ ಪೆಟ್ಟು, ಒಂದೊಂದೇ ಎಳೆ,
ಕಾಲುಚೀಲ ಹೆಣೆದ ಹಾಗೆ.

ಝಿವ್ಕೋನನ್ನೂ ಕರೆತಂದಿದ್ದೆ. ನನ್ನ ತಮ್ಮ.
ಇಪ್ಪತ್ತಾರು ವರ್ಷ ನನ್ನ ಬಲಕ್ಕೆ ನಿಂತು
ತುಪಾನ್ ಬಾರಿಸಿದವನು, ಹೆಗಲಿಗೆ ತೂಗುವ ಆ ದೊಡ್ಡ ಡೋಲು.
ಮಾರ್ಚಿನ ಒಂದು ಬೆಳಗ್ಗೆ ಬಲಗೈ ಮೇಲೇಳಲಿಲ್ಲ.

ನಮ್ಮ ಕುಣಿತಕ್ಕೆ ಏಳು ಮಾತ್ರೆ:
ತಕ ತಕ ತಕಿಟ, ತಕ ತಕ ತಕಿಟ.
ಆ ತಕಿಟದ ಮೊದಲ ಪೆಟ್ಟನ್ನು ಝಿವ್ಕೋ
ಕೂದಲೆಳೆಯಷ್ಟು ತಡವಾಗಿ ಹಾಕುತ್ತಿದ್ದ.
ತಪ್ಪಲ್ಲ. ತಪ್ಪೆಂದು ಹತ್ತು ವರ್ಷ ಜಗಳವಾಡಿದ್ದೇನೆ, ಅದು ಬೇರೆ ಮಾತು.
ಆ ಸಂದಿನಲ್ಲೇ ಜನ ನೆಗೆಯುತ್ತಿದ್ದರು.

ಅಂಗಡಿಯವ ಅರೇಂಜರಿನಲ್ಲಿ ಏಳರ ತಾಳ ಹಾಕಿದ.
ಗಡಿಯಾರವೇ ಹೆತ್ತ ಮಗು.
ಝಿವ್ಕೋ ಪಕ್ಕದ್ದನ್ನು ಮುಟ್ಟಿ ಕೇಳಿದ,
"ಇದರೊಳಗೆ ನನ್ನ ತಡ ಹಿಡಿಸುತ್ತದಾ?"
"ಹಿಡಿಸುತ್ತದೆ. ಆದರೆ ರುಮ್ಯಾನಾ ಚಳಿಗಾಲ ಪೂರ್ತಿ ಕೂರಬೇಕು."

ಮದುವೆ ಶನಿವಾರ.
ಅರೇಂಜರ್ ತಂದೆ.

ಶನಿವಾರ ಅವನನ್ನು ಪಕ್ಕದಲ್ಲಿ ಕೂರಿಸಿ
ಎಡಗೈಯ ತೋರುಬೆರಳಿಗೊಂದು ಕೆಲಸ ಕೊಟ್ಟೆ: ಫಿಲ್ ಗುಂಡಿ.
ಅಲ್ಲೂ ತಡವಾಗಿಯೇ ಒತ್ತಿದ, ಬೇಕೆಂದೇ.
ಯಂತ್ರ ಅದನ್ನೂ ತಿದ್ದಿಕೊಂಡು
ಸರಿಯಾದ ಜಾಗದಲ್ಲೇ ಬಾರಿಸಿತು.

ಜನ ಕುಣಿದರು. ಯಾರೂ ಏನೂ ಅನ್ನಲಿಲ್ಲ.
ವಧುವಿನ ಅಜ್ಜಿ ಪೆನಾ ಮಾತ್ರ
ತಕಿಟಕ್ಕೆ ಕಾಲೆತ್ತಿದವಳು
ಗಾಳಿಯಲ್ಲೇ ಒಂದು ಚಣ ಕಾದಳು.
ಕೈಕೈ ಹಿಡಿದ ಸಾಲು ಅವಳನ್ನೂ ಎಳೆದುಕೊಂಡು ಮುಂದೆ ಹೋಯಿತು.
ಝಿವ್ಕೋ ನನ್ನ ಮೊಣಕೈ ತಿವಿದ:
"ನೋಡಿದೆಯಾ? ಅವಳ ಕಾಲಲ್ಲಿದ್ದೇನೆ."

ನವೆಂಬರಿನ ಉಪವಾಸ ಹಿಡಿದರೆ ನಲವತ್ತು ದಿನ ಮದುವೆಯಿಲ್ಲ.
ಅಂಗಡಿಗೆ ಫೋನು ಮಾಡಿದೆ.
ಆ ಇನ್ನೊಂದು ಹೋಯಿತೋ, ಇದೆಯೋ?
ಇದನ್ನು ವಾಪಸು ಕೊಟ್ಟರೆ ಎಷ್ಟಕ್ಕೆ ಹಿಡಿಯುತ್ತೀ?
ಅರ್ಧಕ್ಕೆ ಅಂದ, ಕಳ್ಳ.

ಪೆನಾ ಅಜ್ಜಿಗೆ ಎಂಬತ್ತಮೂರು.
ತಡ ಮಾಡುವ ಹಾಗಿಲ್ಲ.