ನಾನೂರ ಹನ್ನೆರಡು

ಶನಿವಾರಕ್ಕೆ ಅಂಗಡಿ ಮುಚ್ಚುತ್ತೇನೆ, ಅಂದರು ಝುವಾಂಗ್ ಅಮ್ಮ,
ನಿನಗೆ ಬೇಕಾದ ಹತ್ತು ತಗೊಂಡು ಹೋಗು,
ದುಡ್ಡು ಬೇಡ.
ಮೂವತ್ತು ವರ್ಷದಲ್ಲಿ ಅವರ ಬಾಯಿಂದ
ಆ ಕೊನೆಯ ಎರಡು ಮಾತು ಕೇಳಿದ್ದು ಇದೇ ಮೊದಲು.

ಕೀಲುಂಗ್ ಬಂದರಿನ ಹಿಂದಿನ ಓಣಿ.
ಕೆಳಗೆ ಮೀನುಂಡೆ ಸಾರಿನ ಹಬೆ, ಮೇಲೆ ನಾಲ್ಕು ಸಾವಿರ ಮಾಂಗಾ.
ಒಂದೊಂದಕ್ಕೂ ಪ್ಲಾಸ್ಟಿಕ್ ಅಂಗಿ, ಬೆನ್ನ ಮೇಲೆ ನಂಬರು,
ಜೈಲಿನವರ ಹಾಗೆ ಸಾಲಾಗಿ ನಿಂತಿವೆ.
ನಾನು ಬೆಳಗಿನ ಪಾಳಿ ಮುಗಿಸಿ
ಡ್ರೈವರ್ ಯೂನಿಫಾರ್ಮಿನಲ್ಲೇ ಬಂದವನು,
ಬೆರಳು ಮಡಚುತ್ತ ನಿಂತೆ.

ಮೊದಲು, ಆ ಕುರುಡ ಅಡುಗೆಯವನು. ಹದಿನಾಲ್ಕು ಸಂಪುಟ.
ಏಳನೆಯದು ಯಾವತ್ತೂ ಇರಲಿಲ್ಲ, ಒಯ್ದವರಾರೋ ತರಲೇ ಇಲ್ಲ.
ಆರರ ಕೊನೆಗೆ ಅಡುಗೆಮನೆಗೆ ಬೆಂಕಿ,
ಎಂಟು ತೆರೆದರೆ ಅವನಿಗೊಬ್ಬಳು ಮಗಳು!
ನಡುವಿನದನ್ನು ನಾನೇ ಕಟ್ಟಿಕೊಂಡೆ,
ಹೈಸ್ಕೂಲಿನ ಮೂರೂ ವರ್ಷ, ಗಣಿತದ ಪಿರಿಯಡ್ಡಿನಲ್ಲಿ.
ಮುಂದೆಂದೋ ತೈಪೇಯಲ್ಲಿ ಅಸಲಿ ಏಳು ಸಿಕ್ಕಿತು. ಓದಿದೆ.
ನನ್ನದೇ ಚೆನ್ನಾಗಿತ್ತು.

ಆಮೇಲೆ, ಪುಸ್ತಕವಲ್ಲ, ಒಂದು ಅನಿಮೇಶನ್.
ಊರಿಗೆ ಊರೇ ಮುಳುಗುತ್ತಿರುವಾಗ ಹುಡುಗಿಯೊಬ್ಬಳು
ಚಪ್ಪಲಿ ಕಳಚಿ, ಬಾಗಿ, ಜೋಡಿಸಿಡುತ್ತಾಳೆ.
ನಾಲ್ಕು ಸೆಕೆಂಡು.
ಯಾರೋ ಪುಣ್ಯಾತ್ಮ ಕೂತು ನಲವತ್ತೆಂಟು ಚಿತ್ರ ಬರೆದಿದ್ದಾನೆ,
ಬರೀ ಚಪ್ಪಲಿಗಾಗಿ.

ಹಾಂಕಾಂಗಿನ ಆ ಸಿನಿಮಾದಲ್ಲಿ
ಗುಂಡಿನ ಸದ್ದು ಒಂದೂ ನೆನಪಿಲ್ಲ.
ಅದಕ್ಕೆ ಮೊದಲು ಗೆಳೆಯನ ಅಂಗಿಗೆ ಗುಂಡಿ ಹೊಲಿಯುತ್ತಾನಲ್ಲ,
ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾನಲ್ಲ, ಅದು.
ಕೊರಿಯಾದ ಇನ್ನೊಂದರಲ್ಲಿ ಅಪ್ಪ ಸೇಬಿನ ಸಿಪ್ಪೆ
ತುಂಡಾಗದ ಹಾಗೆ ಸುತ್ತಸುತ್ತ ಬಿಡಿಸುತ್ತಾನೆ,
ಹೇಳಬೇಕಾದದ್ದನ್ನು ಹೇಳುವುದೇ ಇಲ್ಲ.

ಇದರಲ್ಲಿ ಕಥೆ ಎಲ್ಲಿದೆಯೋ ಮಾರಾಯ,
ಎಂದು ಮೂಗು ಮುರಿಯುತ್ತಾನೆ ಭಾವ ವೆನ್-ಖಾಯ್.

ಹೇಳಿದರೆ ನಗುತ್ತೀರಿ, ಈ ಕಣ್ಣು ನನ್ನದಲ್ಲ.
ಪುಸ್ತಕದ ಹಿಂದೆ ಬಾಡಿಗೆ ಚೀಟಿ, ಅದರಲ್ಲಿ ಸದಸ್ಯರ ನಂಬರು;
ನನಗಿಂತ ಮೊದಲು ಯಾವಾಗಲೂ ೪೧೨.
ಒಳಗೆ, ಚೌಕದ ಮೂಲೆಯಲ್ಲಿ, ಎಳ್ಳುಕಾಳಿನಷ್ಟು ಕಪ್ಪು ಚುಕ್ಕಿ.
ಕತ್ತಿವರಸೆಗಿಲ್ಲ, ಮುತ್ತಿಗಿಲ್ಲ;
ಖಾಲಿ ಮೆಟ್ಟಿಲಿಗೆ, ಸ್ವಲ್ಪ ಸರಿದ ಪಾತ್ರೆಯ ಮುಚ್ಚಳಕ್ಕೆ,
ಸೂರಿನಲ್ಲಿ ಒಣಹಾಕಿದ ಕಾಲುಚೀಲಕ್ಕೆ.
ಮೊದಲು ರೇಗಿತು. ಆಮೇಲೆ ಚುಕ್ಕಿಗಾಗಿಯೇ ಪುಟ ತಿರುವಿದೆ.
ಹದಿನೇಳರಲ್ಲಿ, ಏನು ಮುಚ್ಚುಮರೆ, ಪ್ರೀತಿಸಿದೆ.
ಗಿಡ್ಡ ಕೂದಲು, ಹಡಗುಕಟ್ಟೆಯ ಆಚೆ ಮನೆ,
ಎಲ್ಲ ನಾನೇ ಕೊಟ್ಟೆ ಅವಳಿಗೆ.
ಥಿಯೇಟರಿನ ಕತ್ತಲಲ್ಲೂ ನನ್ನ ಬೆರಳು
ಮೊಣಕಾಲಿನ ಮೇಲೆ ಚುಕ್ಕಿ ಇಡುತ್ತಿತ್ತು.

ಇವತ್ತು ಕೇಳಿಯೇಬಿಟ್ಟೆ.
ಝುವಾಂಗ್ ಅಮ್ಮ ಪೆಟ್ಟಿಗೆಗೆ ಟೇಪು ಎಳೆಯುತ್ತ ನಕ್ಕರು:
ಅದಾ? ನಮ್ಮತ್ತೆ.
ಸೊಸೆ ಅಂಗಡಿಯಾದರೂ ಬಾಡಿಗೆ ಕೊಟ್ಟೇ ಒಯ್ಯೋಳು, ಹಟಮಾರಿ.
ಹಿಂದಿನ ಕೋಣೆಯಲ್ಲಿ ಸೀಗಡಿ ಸುಲಿದು, ಕೈ ತೊಳೆದು ಕೂರೋಳು.
ಅಕ್ಷರ ಒಂದೂ ಬರ್ತಿರಲಿಲ್ಲ.
ಮಾತಿಲ್ಲದ ಚೌಕ ಬಂದರೆ ಸಾಕು,
'ಇದು ನಂಗೂ ಓದಕ್ಕೆ ಬಂತು' ಅಂತ
ನನ್ನ ಹುಬ್ಬಿನ ಪೆನ್ಸಿಲಲ್ಲೇ ಒತ್ತೋಳು.

ಕೆಳಗೆ ಯಾರೋ ಸಾರಿಗೆ ಕೊತ್ತಂಬರಿ ಬೇಡ ಅಂದರು.
ನನಗೆ ಏನನ್ನಬೇಕೋ ತಿಳಿಯಲಿಲ್ಲ.
ಆರಿಸಿದ ಹತ್ತನ್ನು ಸುಮ್ಮನೆ ತಿರುವುತ್ತ ಹೋದೆ:
ಮೆಟ್ಟಿಲು. ಮುಚ್ಚಳ. ನೀರಿನ ಗ್ಲಾಸು.
ಎಂಟನೇ ಸಂಪುಟ, ಕೊನೆಯಿಂದ ಮೂರನೇ ಪುಟ,
ಬಾಗಿಲಲ್ಲಿ ಮಗಳು, ತಲೆಯ ಮೇಲೆ ಮಾತಿನ ಗುಳ್ಳೆ,
ಅದರೊಳಗೆ ಒಂದೇ ಪದ: ಬಂದೆ.
ಪಕ್ಕದಲ್ಲಿ ಚುಕ್ಕಿ.
ಒತ್ತಿ, ಮತ್ತೆ ಒತ್ತಿ, ಕಾಗದ ತೂತಾಗಿದೆ.

ಅಮ್ಮನಿಗೆ ತೋರಿಸಿದೆ.
ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.
ಯಾರು ಹೇಳಿಕೊಟ್ಟರಪ್ಪ ಇವಳಿಗೆ, ಅಂದರು.
ಪುಸ್ತಕವನ್ನು ನನ್ನ ಕೈಯಿಂದ ಬಿಡಿಸಿಕೊಂಡು
ಏಪ್ರನ್ನಿನ ಜೇಬಿಗೆ ತುರುಕಿದರು:
ಇದು ಮಾತ್ರ ಕೊಡಲ್ಲ. ಬೇರೆ ಆರಿಸು.

ಆರಿಸಲಿಲ್ಲ. ನಾಲ್ಕೂ ಹತ್ತಕ್ಕೆ ನನ್ನ ಬಸ್ಸು ಹೊರಡಬೇಕು.
ಡ್ರೈವರ್ ಸೀಟಿನ ಹಿಂದೆ ಒಂಬತ್ತು ಪುಸ್ತಕ;
ಏಳೂ ಇಲ್ಲ, ಈಗ ಎಂಟೂ ಇಲ್ಲ.
ಬೆಂಕಿ ಬಿದ್ದ ಅಡುಗೆಮನೆಯಿಂದ
ಒಂಬತ್ತರವರೆಗೆ ದಾರಿ ಉದ್ದವಾಯಿತು.
ಮುಂದಿನ ಸ್ಟಾಪಿನಲ್ಲಿ ಯಾರೂ ಇಲ್ಲ,
ಬೆಂಚಿನ ಮೇಲೆ ಮಡಚಿಟ್ಟ ಛತ್ರಿಯೊಂದಿದೆ.
ಬಸ್ಸು ನಿಧಾನ ಮಾಡಿದೆ.